ಡೆಲ್ ಕ್ಲೋಸ್: ಆಶುಹಾಸ್ಯದ ನಟ ಮೇಷ್ಟ್ರಾದ ಕಥೆ, ಬನ್ನಿ ಮಾತಾಡೋಣ

ಸರೋವರದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಕಡೆ, ಹನ್ನೊಂದು ವರ್ಷದಿಂದ ಶಿಕಾಗೊ ಹತ್ತಿರ ಇದ್ದೇನೆ. ಕಳೆದ ಚಳಿಗಾಲದಲ್ಲಿ ಇಲ್ಲಿ ಎಂಟು ವಾರದ ಇಂಪ್ರೊವ್ ಕ್ಲಾಸಿಗೆ ಸೇರಿಕೊಂಡಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಂಪ್ರೊವ್‌ನಲ್ಲಿ ಬರೆದಿಟ್ಟ ನಾಟಕ ಇರುವುದಿಲ್ಲ. ನೋಡಲು ಬಂದವರು ಕೊಟ್ಟ ಒಂದು ಪದ ಹಿಡಿದುಕೊಂಡು ಐದಾರು ಜನ ಅಲ್ಲೇ ನಿಂತು ಆಟ ಕಟ್ಟಬೇಕು.

ಮೊದಲ ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನನ್ನ ಜೊತೆ ಒಬ್ಬರು ನಿವೃತ್ತ ನರ್ಸ್ ಇದ್ದರು. ಅವರು ಬರಿಗೈಯಲ್ಲೇ ಏನನ್ನೋ ಉಜ್ಜಿ ತೊಳೆಯುತ್ತಾ, "ಇದು ನಿಮ್ಮಮ್ಮನ ಪಾತ್ರೆ ಅಲ್ವಾ?" ಅಂದರು. ನಾನು ಮನೆಯಿಂದಲೇ ಒಂದು ಜೋಕ್ ತಯಾರು ಮಾಡಿಕೊಂಡು ಹೋಗಿದ್ದೆ. ಅದನ್ನೇ ಹೇಳಿಬಿಟ್ಟೆ, ಕೂತವರು ನಕ್ಕರು ಕೂಡ. ಮೇಷ್ಟ್ರು ಆಟ ನಿಲ್ಲಿಸಿ, "ಅವರು ತೊಳೀತಾ ಇದ್ದದ್ದು ಏನು, ಯಾರದ್ದು?" ಅಂತ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡಡಿ ದೂರದಲ್ಲಿ ನಿಂತು ಆಡಿದ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಆ ಮೇಷ್ಟ್ರು ಡೆಲ್ ಕ್ಲೋಸ್ ಅವರ ಶಿಷ್ಯರ ಶಿಷ್ಯರು. ಎಂಟು ವಾರವೂ ಕ್ಲೋಸ್ ಹೆಸರು ಬಾರದ ದಿನ ಇರಲಿಲ್ಲ, ಹಾಗಾಗಿ ಓದುತ್ತಾ ಹೋದೆ. ಅವರು ಹುಟ್ಟಿದ್ದು 1934ರ ಮಾರ್ಚ್ 9ರಂದು, ಕಾನ್ಸಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಊರಲ್ಲಿ (ನ್ಯೂಯಾರ್ಕಿನದಲ್ಲ). 1957ರಲ್ಲಿ ಸೇಂಟ್ ಲೂಯಿಸ್‌ನ ಕಂಪಾಸ್ ಪ್ಲೇಯರ್ಸ್ ತಂಡ ಸೇರಿದರು. ಮುಂದೆ ಹಾಸ್ಯಜೋಡಿಯಾಗಿ ಹೆಸರಾದ ಮೈಕ್ ನಿಕಲ್ಸ್, ಎಲೇನ್ ಮೇ ಪಳಗಿದ್ದೂ ಅದೇ ಕಂಪಾಸ್‌ನಲ್ಲಿ. 1960ರ ಹೊತ್ತಿಗೆ ಶಿಕಾಗೊದ 'ಸೆಕೆಂಡ್ ಸಿಟಿ' ಎಂಬ ಹಾಸ್ಯ ರಂಗಶಾಲೆಗೆ ಬಂದು ಅಲ್ಲಿ ನಟನೆ, ಆಮೇಲೆ ನಿರ್ದೇಶನ ಮಾಡಿದರು. ಮಾದಕ ವಸ್ತುಗಳ ಚಟದಿಂದ ಆ ಕೆಲಸ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ 'ದಿ ಕಮಿಟಿ' ಎಂಬ ತಂಡ ಸೇರಿದರು. 1967ರಲ್ಲಿ ಅಲ್ಲಿ 'ಹೆರಾಲ್ಡ್' ಎಂಬ ದೀರ್ಘ ಆಶುನಾಟಕದ ರೂಪ ಹುಟ್ಟಿತು. 70ರ ದಶಕದ ಆರಂಭದಲ್ಲಿ ಮತ್ತೆ ಶಿಕಾಗೊಗೆ ಬಂದು ಸೆಕೆಂಡ್ ಸಿಟಿಯಲ್ಲಿ ನಿರ್ದೇಶನ, ಪಾಠ. 80ರ ದಶಕದಲ್ಲಿ ಶಾರ್ನಾ ಹಾಲ್ಪರ್ನ್ ಅವರ 'ಇಂಪ್ರೊವ್ ಒಲಿಂಪಿಕ್' ಎಂಬ ಆಶುನಾಟಕದ ರಂಗಶಾಲೆ ಸೇರಿದ ಮೇಲೆ, 1999ರಲ್ಲಿ ತೀರಿಕೊಳ್ಳುವವರೆಗೂ ಕಲಿಸುತ್ತಲೇ ಇದ್ದರು.

ಸಿನಿಮಾಗಳಲ್ಲಿ ಸಿಕ್ಕಿದ್ದು ಸಣ್ಣ ಪಾತ್ರಗಳು. ಫೆರಿಸ್ ಬ್ಯೂಲರ್ಸ್ ಡೇ ಆಫ್ (1986) ಚಿತ್ರದ ಇಂಗ್ಲಿಷ್ ಮೇಷ್ಟ್ರು, ದಿ ಅನ್‌ಟಚಬಲ್ಸ್ (1987) ಚಿತ್ರದ ಲಂಚಕೋರ ನಗರಸಭಾ ಸದಸ್ಯ. ಆದರೆ ಇವರ ಕೈಕೆಳಗೆ ಪಳಗಿದವರು ಅಮೆರಿಕದ ಹೆಸರಾಂತ ಹಾಸ್ಯ ಕಲಾವಿದರಾದ ಜಾನ್ ಬೆಲೂಶಿ, ಬಿಲ್ ಮರ್ರಿ, ಕ್ರಿಸ್ ಫಾರ್ಲಿ, ಟೀನಾ ಫೇ, ಏಮಿ ಪೋಲರ್.

ನಾನು ಕೇಳಬೇಕೆಂದಿರುವುದು ಇದು. ಆ ಕ್ಷಣದಲ್ಲಿ ಹುಟ್ಟಿ ಆ ಕ್ಷಣದಲ್ಲೇ ಹೋಗುವ ಹಾಸ್ಯವನ್ನು ಕಲಿಸಲು ಆಗುತ್ತದೆಯೇ? ಕ್ಲೋಸ್ ಕಲಿಸಿದ್ದು ನಿಜಕ್ಕೂ ಏನನ್ನು? ನಮ್ಮಲ್ಲಿ ರಂಗದ ಒಡನಾಟ ಇರುವವರು ದಯವಿಟ್ಟು ಬರೆಯಿರಿ.

ಚೌಕಿಮನೆ

ಒಳ್ಳೆ ವಿಷಯ ತೆಗೆದಿರಿ ಮಾರಾಯ್ರೆ. ನಮ್ಮ ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಇಪ್ಪತ್ತೆಂಟು ತಿರುಗಾಟ (ವರ್ಷವರ್ಷದ ಆಟದ ಸಂಚಾರ) ಮಾಡಿದ ಹಾಸ್ಯಗಾರರು. ಈಗ ವಯಸ್ಸಾಗಿದೆ, ಮನೆಯಲ್ಲೇ ಇರುತ್ತಾರೆ. ಯಕ್ಷಗಾನದಲ್ಲಿ ಪದ್ಯ ಮಾತ್ರ ಪ್ರಸಂಗ ಪುಸ್ತಕದಲ್ಲಿರುತ್ತದೆ, ಅರ್ಥ, ಅಂದರೆ ಮಾತು, ಪೂರಾ ವೇಷಧಾರಿಯ ಬಾಯಲ್ಲಿ ಅಲ್ಲೇ ಹುಟ್ಟಬೇಕು. ಹಾಸ್ಯಗಾರನಿಗಂತೂ ಹಲವು ಸಲ ಪದ್ಯವೂ ಇಲ್ಲ. ದೂತನಾಗಿ ಬಂದರೆ "ಯಾರಲ್ಲಿ?" ಅಂತ ರಾಜ ಕರೆದಲ್ಲಿಂದ ಮುಂದಿನದ್ದೆಲ್ಲ ಇವರ ಸ್ವಂತದ್ದು.

ಒಂದು ಆಟದ ಸಂಗತಿ ಹೇಳುತ್ತೇನೆ. ನಾನು ಆಗ ಏಳನೇ ಕ್ಲಾಸು, ಚೌಕಿಯ (ಬಣ್ಣ ಹಚ್ಚಿಕೊಳ್ಳುವ ಜಾಗ) ಮರೆಯಲ್ಲಿ ನಿಂತು ನೋಡುತ್ತಿದ್ದೆ. ಬಣ್ಣದ ವೇಷದವರ (ರಾಕ್ಷಸ ಪಾತ್ರದವರ) ಕಿರೀಟದ ಕಟ್ಟು ರಂಗದ ಮೇಲೆಯೇ ಸಡಿಲಾಯಿತು. ಕೈಯಿಂದ ಹಿಡಿದುಕೊಂಡರೆ ವೇಷದ ಘನತೆ ಹೋಯಿತು, ಬಿಟ್ಟರೆ ಕಿರೀಟವೇ ಬೀಳುತ್ತದೆ. ದೂತನಾಗಿದ್ದ ದೊಡ್ಡಪ್ಪ ಮೆಲ್ಲ ಹಿಂದೆ ಹೋಗಿ, "ರಾಜ್ಯದ ಭಾರ ತಮ್ಮ ತಲೆ ಮೇಲೆಯೇ ಎಷ್ಟು ದಿನ ಒಡೆಯಾ, ಸ್ವಲ್ಪ ನಾನೂ ಹಿಡೀತೇನೆ" ಅನ್ನುತ್ತಾ ಕಟ್ಟು ಬಿಗಿದುಬಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ನಕ್ಕದ್ದು ಮಾತಿಗೆ, ಬಚಾವಾದದ್ದು ವೇಷ. ಚೌಕಿಗೆ ಬಂದ ಮೇಲೆ ಆ ಬಣ್ಣದ ವೇಷದವರು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡದ್ದು ನೋಡಿದ್ದೇನೆ.

ಆದರೆ ಒಂದು ತಕರಾರು ಉಂಟು. ಇಂಪ್ರೊವ್‌ನವರು ಎಲ್ಲದಕ್ಕೂ 'ಹೌದು, ಮತ್ತೆ' ಅನ್ನಬೇಕು ಅಂತ ಕಲಿಸುತ್ತಾರಂತೆ. ಎದುರಿನವ ಏನು ಹೇಳಿದರೂ ಒಪ್ಪಿಕೊಂಡು ಅದಕ್ಕೆ ಇನ್ನಷ್ಟು ಸೇರಿಸುವುದು. ವೇಷ ಇಲ್ಲದೆ ಕೂತು ಮಾತಲ್ಲೇ ಪ್ರಸಂಗ ನಡೆಸುವ ನಮ್ಮ ತಾಳಮದ್ದಳೆಯಲ್ಲಿ ರಸ ಬರುವುದೇ ಅರ್ಥಧಾರಿಗಳು ಒಬ್ಬರನ್ನೊಬ್ಬರು ಒಪ್ಪದೇ ಇದ್ದಾಗ. ಎಲ್ಲರೂ 'ಹೌದು' ಅಂದರೆ ಕೂಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ರಂಗಮೇಷ್ಟ್ರು

ಚೌಕಿಮನೆಯವರೇ, ನಿಮ್ಮ ತಕರಾರನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಶಿವಮೊಗ್ಗ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಂಜೆ ಹೊತ್ತು ಮಕ್ಕಳಿಗೆ ನಾಟಕ.

ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ರಾಮನ ಒಂದು ಮಾತನ್ನೂ ಒಪ್ಪುವುದಿಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಗಂಟೆಗಟ್ಟಲೆ ಜಗ್ಗಾಡುತ್ತಾನೆ. ಆದರೆ ಬಾಣವೇ ತಾಗಿಲ್ಲ ಅಂತ ಯಾವ ವಾಲಿಯೂ ಹೇಳುವುದಿಲ್ಲ! ಹಾಗೆ ಹೇಳಿದರೆ ಪ್ರಸಂಗ ಅಲ್ಲೇ ಸತ್ತುಹೋಗುತ್ತದೆ. ಪಾತ್ರ ಪಾತ್ರವನ್ನು ಎಷ್ಟು ಬೇಕಾದರೂ ವಿರೋಧಿಸಲಿ, ನಟ ಮಾತ್ರ ಎದುರಿನ ನಟ ಕೊಟ್ಟ ಸಂಗತಿಯನ್ನು ತಳ್ಳಿಹಾಕಬಾರದು. ಇಂಪ್ರೊವ್‌ನವರ 'ಹೌದು' ಇರುವುದು ಈ ಎರಡನೆಯ ಜಾಗದಲ್ಲಿ. ನಿಮ್ಮ ದೊಡ್ಡಪ್ಪ ಸಡಿಲಾದ ಕಿರೀಟಕ್ಕೆ ಹೌದು ಅಂದರಲ್ಲ, ಅದೂ ಇದೇ. ಕಟ್ಟು ಬಿಚ್ಚಿಲ್ಲ ಎಂಬಂತೆ ನಟಿಸಬಹುದಿತ್ತು. ಅವರು ಅದನ್ನು ಕಥೆಯ ಒಳಗೆ ತಂದುಕೊಂಡರು.

ನನ್ನ ಅನುಭವದಲ್ಲಿ ನಗಿಸುವುದನ್ನು ಕಲಿಸಲು ಆಗುವುದಿಲ್ಲ. ಕೇಳಿಸಿಕೊಳ್ಳುವುದನ್ನು ಕಲಿಸಬಹುದು. ಕ್ಲೋಸ್ ಕಲಿಸಿದ್ದೂ ಅದನ್ನೇ ಅಂತ ನನಗನಿಸುತ್ತದೆ. ಅವರು ಹಾಲ್ಪರ್ನ್, ಕಿಮ್ ಜಾನ್ಸನ್ ಜೊತೆ ಸೇರಿ 1994ರಲ್ಲಿ ತಂದ ಪುಸ್ತಕದ ಹೆಸರಲ್ಲೇ ಹಾಸ್ಯದ ಪಕ್ಕ 'ಸತ್ಯ' ಎಂಬ ಪದ ಇದೆ. ಜೋಕ್ ಹುಡುಕಿಕೊಂಡು ಹೋಗಬೇಡಿ, ಎದುರಿಗಿರುವವನಿಗೆ ಪ್ರಾಮಾಣಿಕವಾಗಿ ಉತ್ತರ ಕೊಡಿ, ನಗು ಹಿಂದಿನಿಂದ ಬರುತ್ತದೆ ಎಂಬುದು ಅದರ ತಿರುಳು. ಇನ್ನೊಂದು, ಜೊತೆಗಿರುವವರನ್ನು ಕವಿಗಳು, ಕಲಾವಿದರು, ಪ್ರತಿಭಾವಂತರು ಎಂದು ತಿಳಿದು ನಡೆಸಿಕೊಂಡರೆ ರಂಗದ ಮೇಲೆ ಅವರು ಹಾಗೇ ಆಗುತ್ತಾರೆ ಎಂಬುದು. ತರಗತಿಯಲ್ಲಿ ನಿಂತು ಪಾಠ ಮಾಡುವವನಿಗೆ ಇದಕ್ಕಿಂತ ಕಷ್ಟದ ಮಾತು ಇಲ್ಲ. ಮೂವತ್ತು ಜನರಲ್ಲಿ ಇಬ್ಬರ ಬಗ್ಗೆ ಹಾಗೆ ಅಂದುಕೊಳ್ಳುವುದು ಸುಲಭ, ಉಳಿದ ಇಪ್ಪತ್ತೆಂಟು ಜನರ ಬಗ್ಗೆ ಅಂದುಕೊಳ್ಳಬೇಕಲ್ಲ.

ಮಲ್ಲಿಗೆಪಡಸಾಲೆ

ಎಲ್ಲವನ್ನೂ ಕ್ಲೋಸ್ ಒಬ್ಬರ ತಲೆಗೆ ಕಟ್ಟುವುದು ಬೇಡ. ಈ ವಿದ್ಯೆಯ ತಾಯಿ ವಯೋಲಾ ಸ್ಪೋಲಿನ್. ಶಿಕಾಗೊದಲ್ಲಿ ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುವಾಗ, ಭಾಷೆ ಸರಿಯಾಗಿ ಬಾರದ ಮಕ್ಕಳೂ ರಂಗಕ್ಕೆ ಬರಲಿ ಅಂತ ಅವರು ಆಟಗಳನ್ನು ಕಟ್ಟಿದರು. ಆ ಆಟಗಳ ಪುಸ್ತಕ 1963ರಲ್ಲಿ ಬಂತು. ನಮ್ಮ ರಂಗ ಶಿಬಿರಗಳಲ್ಲಿ ಈಗ ಆಡಿಸುವ ಕನ್ನಡಿ ಆಟ ಇದೆಯಲ್ಲ, ಒಬ್ಬರು ಮಾಡಿದ್ದನ್ನು ಎದುರಿನವರು ಕನ್ನಡಿಯ ಹಾಗೆ ಮಾಡುವುದು, ಅದು ಅವರ ಪುಸ್ತಕದಲ್ಲಿದೆ. ಅವರ ಮಗ ಪಾಲ್ ಸಿಲ್ಸ್, ಡೇವಿಡ್ ಶೆಪರ್ಡ್ ಜೊತೆ 1955ರಲ್ಲಿ ಕಂಪಾಸ್ ಶುರು ಮಾಡಿದರು. 1959ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಸೆಕೆಂಡ್ ಸಿಟಿಯ ಹಿಂದೆಯೂ ಸಿಲ್ಸ್ ಇದ್ದರು. ಸೇಂಟ್ ಲೂಯಿಸ್‌ನ ಕಂಪಾಸ್ ತಂಡದಲ್ಲಿ, ಒಬ್ಬರ ಮಾತನ್ನು ಒಬ್ಬರು ತಳ್ಳಿಹಾಕಬಾರದು ಎಂಬಂಥ ನಿಯಮಗಳನ್ನು ಕೂತು ಬರೆದವರು ಎಲೇನ್ ಮೇ ಮತ್ತು ಟೆಡ್ ಫ್ಲಿಕರ್. ಕ್ಲೋಸ್ ಅವರಿಗೆ ಇದೆಲ್ಲ ಬೆಳೆದ ಗಿಡವಾಗಿ ಸಿಕ್ಕಿತು.

ಇನ್ನೊಂದನ್ನೂ ಹೇಳಲೇಬೇಕು. ಹೆಣ್ಣುಮಕ್ಕಳು ಹಾಸ್ಯದಲ್ಲಿ ಗಂಡಸರಷ್ಟು ಸಮರ್ಥರಲ್ಲ ಎಂಬ ಧೋರಣೆ ಅವರಲ್ಲಿತ್ತು, ತರಗತಿಯಲ್ಲಿ ಕಟುವಾಗಿ ನಡೆದುಕೊಳ್ಳುತ್ತಿದ್ದರು ಅಂತ ಅವರ ಬಳಿ ಕಲಿತವರೇ ಹೇಳಿದ್ದಾರೆ. ನಾನು ಇದನ್ನು ಸುಮ್ಮನೆ ಬರೆಯುತ್ತಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ನಾನೊಂದು ನಾಟಕ ತಂಡದಲ್ಲಿದ್ದೆ. ಅಲ್ಲಿ ಆಶು ಅಭ್ಯಾಸ ಅಂದರೆ ಗಂಡು ಹುಡುಗರು ಮಾತಾಡುವುದು, ನಾವು ಹೆಂಡತಿಯೋ ತಾಯಿಯೋ ಆಗಿ ಪಕ್ಕದಲ್ಲಿ ನಿಲ್ಲುವುದು. ನಾನು "ಈ ಅಂಗಡಿ ನನ್ನದು" ಅಂತ ಶುರು ಮಾಡಿದರೆ, ಎದುರಿನವನು "ಏ, ಯಜಮಾನರನ್ನ ಕರಿಯಮ್ಮ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನ್ನ ಅಂಗಡಿ ಅಲ್ಲಿಗೆ ಹೋಯಿತು. ರಂಗಮೇಷ್ಟ್ರು ಹೇಳಿದ, ಕೊಟ್ಟದ್ದನ್ನು ತಳ್ಳಿಹಾಕಬಾರದು ಎಂಬ ನಿಯಮದ ಬೆಲೆ ನನಗೆ ಅಂಥ ಸಂಜೆಗಳಲ್ಲಿ ಗೊತ್ತಾಗಿದೆ. ಆ ನಿಯಮವನ್ನು ಊರಿಗೆಲ್ಲ ಕಲಿಸಿದ ಮನುಷ್ಯನೇ ತನ್ನ ಶಿಷ್ಯೆಯರಿಗೆ ಅದನ್ನು ಪೂರ್ತಿ ಪಾಲಿಸಲಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಸರೋವರದಂಡೆ

ಮಲ್ಲಿಗೆ ಮೇಡಂ, ನೀವು ಬರೆದದ್ದು ಈ ಚರ್ಚೆಗೆ ಬೇಕಿತ್ತು. ಟೀನಾ ಫೇ, ಏಮಿ ಪೋಲರ್ ಅವರ ಹತ್ತಿರ ಕಲಿತರು ಅಂತ ಹೇಳಿದೆ. ಅವರ ಎದುರಿಗಿದ್ದದ್ದು ಏನು ಎಂಬುದನ್ನು ಹೇಳಲಿಲ್ಲ, ಅದು ನನ್ನ ತಪ್ಪು.

ಚಟದ ವಿಷಯವೂ ಅಷ್ಟೇ. ಅದು ಅವರನ್ನು ಜೀವನಪೂರ್ತಿ ಕಾಡಿತು. 1982ರಲ್ಲಿ ಬೆಲೂಶಿ ಮಾದಕ ವಸ್ತುವಿನಿಂದ ಸತ್ತಾಗ ವಯಸ್ಸು 33. ಆ ಸಾವಿನ ನಂತರ ಕ್ಲೋಸ್ ಕೊಕೇನ್ ಬಿಟ್ಟರು. ತನ್ನ ಕೈಯಲ್ಲಿ ಬೆಳೆದ ಹುಡುಗ ತಾನು ನಡೆದ ದಾರಿಯಲ್ಲೇ ಹೋಗಿ ಮುಗಿದದ್ದನ್ನು ನೋಡಿದ ಮೇಷ್ಟ್ರಿಗೆ ಏನಾಗಿರಬೇಡ.

ಧಾರವಾಡದಂವ

ನಮ್ಮ ಕಡೆ ದೊಡ್ಡಾಟದಾಗ ಸಾರಥಿ ಇದನ್ನ ಮಾಡ್ತಾನ್ರಿ. ರಾಜ ಬಂದ ಕೂಡ್ಲೆ "ತಾವು ಯಾರು, ಯಾವೂರು, ಏನ್ ಕೆಲಸಕ್ಕ ಬಂದೀರಿ" ಅಂತ ಕೇಳಿ, ಕೂತ ಮಂದೀನ್ನೂ ನಡುವ ಎಳಕೊಂಡು ನಗಸ್ತಾನ. ಅವಂಗ ಯಾವ ಶಾಲಿನೂ ಇರಲಿಲ್ಲ, ನೋಡಿ ನೋಡಿ ಕಲಿತಾಂವ.

ಇನ್ನೊಂದು ನೆನಪಾತು. ಮಾಸ್ಟರ್ ಹಿರಣ್ಣಯ್ಯನವರು ಹುಟ್ಟಿದ್ದೂ 1934ರಾಗ. ಡೆಲ್ ಕ್ಲೋಸ್ ಅವರಿಗಿಂತ ಮೂರು ವಾರಕ್ಕ ಹಿರಿಯರು. ಲಂಚಾವತಾರದಾಗ ಅವತ್ತಿನ ಪೇಪರ್‌ನ್ಯಾಗ ಬಂದ ಸುದ್ದಿನ ಅವತ್ತ ರಾತ್ರಿ ಮಾತಿನಾಗ ತರ್ತಿದ್ರು. ನಮ್ಮಪ್ಪ ಆ ಒಂದ ನಾಟಕ ಆರು ಸಲ ನೋಡ್ಯಾರ, ಆರೂ ಸಲ ಬ್ಯಾರೆ ಬ್ಯಾರೆ ಅಂತಾರ. ಅದನ್ನ ಅವರು ಒಂದು ಪಾಠ ಮಾಡಿ ಬಿಟ್ಟು ಹೋಗಿದ್ರ ಎಷ್ಟ ಛೊಲೊ ಇತ್ತು. 2019ರಾಗ ಅವರು ಹೋದ್ರು, ಆ ಮಾತಿನ ಕಲೆ ಅವರ ಜೋಡಿನ ಹೋತು ಅಂತ ನನಗ ಭಾಳ ಸಂಕಟ ಆಗತದ.

ಹೊಸಹೆಜ್ಜೆ

ನಾನು ಬೆಂಗಳೂರಲ್ಲಿ ಇಂಪ್ರೊವ್ ಶೋಗಳಿಗೆ ಹೋಗುತ್ತಿರುತ್ತೇನೆ. ಒಂದು ಸಂಶಯ. ಸ್ಕ್ರಿಪ್ಟ್ ಇಲ್ಲ ಅಂದ ಮೇಲೆ ನಿರ್ದೇಶಕರಿಗೆ ಏನು ಕೆಲಸ? ಮತ್ತೆ ಹೆರಾಲ್ಡ್ ಅಂದರೆ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಸರೋವರದಂಡೆ

ನಿರ್ದೇಶಕರ ಕೆಲಸ ಎರಡು ಬಗೆ, ಮತ್ತು ಕ್ಲೋಸ್ ಬದುಕಿನ ದೊಡ್ಡ ಜಗಳ ಇರುವುದೂ ಅಲ್ಲೇ. ಸೆಕೆಂಡ್ ಸಿಟಿಯಲ್ಲಿ ಮುಖ್ಯ ಪ್ರದರ್ಶನ ಮುಗಿದ ಮೇಲೆ ನಟರು ಆಶುವಾಗಿ ಆಡುತ್ತಾರೆ. ನಿರ್ದೇಶಕ ಅದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಮತ್ತೆ ಮತ್ತೆ ಆಡಿಸಿ, ಕತ್ತರಿಸಿ, ಕೊನೆಗೆ ಒಂದು ಸಿದ್ಧ ಪ್ರದರ್ಶನ ಮಾಡುತ್ತಾನೆ. ಸಂಸ್ಥಾಪಕರಲ್ಲಿ ಒಬ್ಬರಾದ ಬರ್ನಿ ಸಾಲಿನ್ಸ್ ಅವರ ವಾದ, ಆಶುನಟನೆ ಅಂದರೆ ನಾಟಕ ತಯಾರಿಸುವ ಹತಾರ, ಅಷ್ಟೇ. ಕ್ಲೋಸ್ ಒಪ್ಪಲಿಲ್ಲ. ಜನರ ಮುಂದೆ ಹುಟ್ಟುವ ಆ ಆಟವೇ ಪೂರ್ತಿ ಕಲೆ, ಅದನ್ನು ಒಣಗಿಸಿ ಡಬ್ಬಿಗೆ ತುಂಬಬೇಕಾಗಿಲ್ಲ ಎಂಬುದು ಅವರ ನಿಲುವು. ಇಬ್ಬರೂ ದಶಕಗಟ್ಟಲೆ ಇದೇ ಜಗಳ ಆಡಿದರು. ಹೆರಾಲ್ಡ್‌ನ ನಿರ್ದೇಶಕ ಹಿಂದೆ ಕೂತು ನೋಡುತ್ತಾನೆ, ಆಟ ಮುಗಿದ ಮೇಲೆ ಯಾರು ಯಾರ ಮಾತನ್ನು ಕೈಬಿಟ್ಟರು ಅಂತ ಹೇಳುತ್ತಾನೆ.

ಹೆರಾಲ್ಡ್ ಸುಮಾರು ಅರ್ಧ ಗಂಟೆಯ ಆಟ. ನೋಡುಗರಿಂದ ಒಂದು ಪದ ಬರುತ್ತದೆ. ಎಲ್ಲರೂ ಸೇರಿ ಆ ಪದವನ್ನು ಕೆದಕುತ್ತಾರೆ, ನೆನಪು ಹೇಳುತ್ತಾರೆ. ಅದರಿಂದ ಒಂದಕ್ಕೊಂದು ಸಂಬಂಧ ಇಲ್ಲದ ಮೂರು ದೃಶ್ಯ, ನಡುವೆ ಎಲ್ಲರೂ ಸೇರಿದ ಒಂದು ಆಟ. ಮತ್ತೆ ಆ ಮೂರೂ ದೃಶ್ಯ ಒಂದು ಹೆಜ್ಜೆ ಮುಂದೆ ಹೋಗುತ್ತವೆ, ಮತ್ತೆ ಗುಂಪಿನ ಆಟ. ಮೂರನೇ ಸುತ್ತಿಗೆ ಬರುವಾಗ ಬೇರೆ ಬೇರೆ ಇದ್ದ ಎಳೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಹೆಸರಿಗೆ ಅರ್ಥವೇನಿಲ್ಲ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಒಂದು ಸಿನಿಮಾದಲ್ಲಿ ತನ್ನ ಹೇರ್‌ಕಟ್‌ಗೆ 'ಆರ್ಥರ್' ಅಂತ ಹೆಸರು ಹೇಳುತ್ತಾನೆ. ಅದೇ ಧಾಟಿಯಲ್ಲಿ ಕಮಿಟಿ ತಂಡದ ಸಂಗೀತಗಾರ ಬಿಲ್ ಮ್ಯಾಥ್ಯೂ ಇದಕ್ಕೆ 'ಹೆರಾಲ್ಡ್' ಅಂದರಂತೆ, ಅದೇ ನಿಂತಿತು.

ಚೌಕಿಮನೆ

ಒಂದು ದೃಶ್ಯ ಸಾಕು ಅಂತ ಯಾರು ನಿಲ್ಲಿಸುವುದು? ನಮ್ಮಲ್ಲಿ ಮಾತು ಉದ್ದ ಆಯಿತು ಅಂತ ಕಂಡರೆ ಪದ್ಯ ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಷ್ಟು ದೊಡ್ಡ ಕಲಾವಿದನಾದರೂ ಅಲ್ಲಿಗೆ ಮಾತು ನಿಲ್ಲಿಸಬೇಕು.

ಸರೋವರದಂಡೆ

ಇಲ್ಲಿ ಭಾಗವತರಿಲ್ಲ, ಆಟಗಾರರೇ ನೋಡಿಕೊಳ್ಳಬೇಕು. ಪಕ್ಕದಲ್ಲಿ ನಿಂತವರಲ್ಲಿ ಒಬ್ಬರು ರಂಗದ ಮುಂದಿನಿಂದ ಅಡ್ಡ ಓಡಿದರೆ ಆ ದೃಶ್ಯ ಮುಗಿಯಿತು ಅಂತ ಅರ್ಥ. ಯಾವಾಗ ಓಡಬೇಕು ಅಂತ ತಿಳಿಯುವುದೇ ಅರ್ಧ ವಿದ್ಯೆ. ನಾನು ಎಂಟು ವಾರದಲ್ಲಿ ಎರಡೇ ಸಲ ಸರಿಯಾದ ಹೊತ್ತಿಗೆ ಓಡಿದ್ದೇನೆ.

ರಂಗಮೇಷ್ಟ್ರು

ಸರೋವರದಂಡೆಯವರ ವಿವರ ಇಟ್ಟುಕೊಂಡು ಮೊನ್ನೆ ಶನಿವಾರ ನಮ್ಮ ಮಕ್ಕಳ ಜೊತೆ ಮಾಡಿ ನೋಡಿದೆ. ಏಳು ಜನ, ಕಾಲೇಜಿನ ಹಳೆ ಲ್ಯಾಬ್ ರೂಮು. ಯಾರೋ 'ಬೀಗದ ಕೈ' ಅಂದರು. ಒಬ್ಬ ಅಜ್ಜಿಯ ಸೊಂಟದ ಗೊಂಚಲು ನೆನೆದ, ಇನ್ನೊಬ್ಬಳು ಹಾಸ್ಟೆಲ್ ಟ್ರಂಕು, ಮತ್ತೊಬ್ಬ ಊರಲ್ಲಿ ಯಾರೂ ಇಲ್ಲದೆ ಬೀಗ ಹಾಕಿದ ಮನೆ.

ಮೂರು ದೃಶ್ಯ ಹುಟ್ಟಿದವು. ಸೊಸೆಗೆ ಉಗ್ರಾಣದ ಬೀಗದ ಕೈ ಕೊಡದ ಅತ್ತೆ. ರಾತ್ರಿ ತಡವಾಗಿ ಬಂದು ಹಾಸ್ಟೆಲ್ ಗೇಟಿನ ಹೊರಗೆ ಉಳಿದ ಇಬ್ಬರು. ಊರ ಮನೆ ಮಾರಲು ಬಂದ ಅಣ್ಣ ತಮ್ಮ. ಮೊದಲ ಸುತ್ತು ಗಲಾಟೆಯೋ ಗಲಾಟೆ, ಎಲ್ಲರಿಗೂ ನಗಿಸುವ ಆತುರ. ಎರಡನೇ ಸುತ್ತಿಗೆ ಸ್ವಲ್ಪ ತಣ್ಣಗಾದರು. ಅತ್ತೆ ಆಗಿದ್ದ ಹುಡುಗಿ ತುಂಬ ಮೆತ್ತಗಿನವಳು, ಹಾಜರಿ ಕೂಗಿದರೂ ದನಿ ಕೇಳುವುದಿಲ್ಲ. ಮೂರನೇ ಸುತ್ತಲ್ಲಿ ಅಣ್ಣ ತಮ್ಮ ಇಬ್ಬರೂ ಮನೆ ಮುಂದೆ ನಿಂತು, "ಬೀಗದ ಕೈ ನಿನ್ನ ಹತ್ರ ಇದೆ", "ಇಲ್ಲ, ನಿನ್ನ ಹತ್ರ" ಅಂತ ಕಿತ್ತಾಡುತ್ತಿದ್ದರು. ಅವಳು ಅತ್ತೆಯ ನಡಿಗೆಯಲ್ಲೇ, ಸೊಂಟ ಸ್ವಲ್ಪ ಒಂದು ಕಡೆ ವಾಲಿಸಿಕೊಂಡು ಬಂದಳು. ಒಂದು ಮಾತೂ ಆಡಲಿಲ್ಲ. ಸೊಂಟದಿಂದ ಇಲ್ಲದ ಗೊಂಚಲನ್ನು ಬಿಚ್ಚಿ, ಒಂದೊಂದೇ ಕೈಯನ್ನು ಬೆರಳಲ್ಲಿ ಸರಿಸಿ ಸರಿಸಿ ನೋಡಿ, ಒಂದನ್ನು ತೆಗೆದು ದೊಡ್ಡವನ ಅಂಗೈಲಿಟ್ಟು ಮುಚ್ಚಿದಳು. ಆ ಹುಡುಗ "ಅಜ್ಜಿ..." ಅಂದ. ಒಂದು ಕ್ಷಣ ಇಡೀ ರೂಮು ಸದ್ದಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಇಬ್ಬರು ಕಣ್ಣೊರೆಸಿಕೊಂಡರು, ನಾನೂ.

ಅದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಇಪ್ಪತ್ತು ನಿಮಿಷದ ಹಿಂದೆ ತಾನೇ ಹಿಡಿದಿದ್ದ ಗೊಂಚಲನ್ನು ಅವಳು ಮರೆತಿರಲಿಲ್ಲ, ಅಷ್ಟೇ. ನಾನು ಆ ಇಡೀ ಹೊತ್ತು ಮಾಡಿದ ನಿರ್ದೇಶನ ಅಂದರೆ ಬಾಯಿ ಮುಚ್ಚಿಕೊಂಡು ಕೂತದ್ದು. ಧಾರವಾಡದ ಸರ್, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹಿರಣ್ಣಯ್ಯನವರ ಮಾತಿನ ಬೀಸು ಇನ್ನೊಬ್ಬರಿಗೆ ಬರಲಾರದು. ಆದರೆ ಕ್ಲೋಸ್ ತಮ್ಮ ಮಾತಿನ ಬೀಸನ್ನು ಬಿಟ್ಟು ಹೋಗಲಿಲ್ಲ, ಏಳು ಜನ ಒಟ್ಟಿಗೆ ನಿಲ್ಲುವ ಒಂದು ಅಂಕಣ ಬಿಟ್ಟು ಹೋದರು. ಅದಕ್ಕೇ ಇವತ್ತು ಶಿವಮೊಗ್ಗದ ಹುಡುಗಿಯೂ ಅದರೊಳಗೆ ನಿಲ್ಲಲು ಆಯಿತು.

ಮಲ್ಲಿಗೆಪಡಸಾಲೆ

ಮೇಷ್ಟ್ರೇ, ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಸಲ ಅವಳಿಗೆ ಅತ್ತೆಯ ಪಾತ್ರವೇ ಬರದಂತೆ ನೋಡಿಕೊಳ್ಳಿ. ಅಂಗಡಿ ಯಜಮಾನಿಯಾಗಲಿ.

ಹೊಸಹೆಜ್ಜೆ

ಕ್ಲೋಸ್ ತಮ್ಮ ತಲೆಬುರುಡೆಯನ್ನು ನಾಟಕಶಾಲೆಗೆ ಕೊಟ್ಟರು ಅಂತ ಎಲ್ಲೋ ಓದಿದ್ದೆ. ಅದು ನಿಜವಾ?

ಸರೋವರದಂಡೆ

ಕೊಡಬೇಕು ಅಂತ ಬರೆದಿಟ್ಟದ್ದು ನಿಜ. ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು. 1999ರ ಮಾರ್ಚ್ 3ರಂದು ಅಲ್ಲೇ ಅವರ 65ನೇ ಹುಟ್ಟುಹಬ್ಬವನ್ನು ಮುಂಚಿತವಾಗಿ ಮಾಡಿದರು, ಅದರಲ್ಲಿ ಬಿಲ್ ಮರ್ರಿ ಮುಂದಾಳು. ಬರ್ನಿ ಸಾಲಿನ್ಸ್ ಕೂಡ ಬಂದಿದ್ದರು. ಅಷ್ಟು ವರ್ಷ ಜಗಳವಾಡಿದ ಸಾಲಿನ್ಸ್ ಹಾಸಿಗೆಯ ಬಳಿ, ಇವತ್ತೊಂದು ರಾತ್ರಿಯ ಮಟ್ಟಿಗೆ ಆಶುನಟನೆ ಒಂದು ಕಲೆ ಅಂತ ಒಪ್ಪಿಕೊಂಡರಂತೆ. ಮರುದಿನ ಕ್ಲೋಸ್ ಹೋದರು.

ತಲೆಬುರುಡೆ ಶಿಕಾಗೊದ ಗುಡ್‌ಮನ್ ಥಿಯೇಟರ್‌ಗೆ ಸೇರಲಿ, ಹ್ಯಾಮ್ಲೆಟ್ ಆಡುವಾಗ ಯೊರಿಕ್‌ನ ಬುರುಡೆಯಾಗಿ ಬಳಸಲಿ ಎಂಬುದು ಅವರ ಆಸೆ. ಯೊರಿಕ್ ಅಂದರೆ ಆ ಅರಮನೆಯ ವಿದೂಷಕ. ಅವರೇ 1985ರಲ್ಲಿ ಶಿಕಾಗೊದ ಒಂದು ಹ್ಯಾಮ್ಲೆಟ್‌ನಲ್ಲಿ ಪೊಲೋನಿಯಸ್ ಆಗಿದ್ದರು. ಕ್ಲೋಸ್ ಹೋದ ಮೇಲೆ, 1999ರ ಜುಲೈನಲ್ಲಿ ಶಾರ್ನಾ ಹಾಲ್ಪರ್ನ್ ಒಂದು ಬುರುಡೆಯನ್ನು ಥಿಯೇಟರ್‌ಗೆ ಒಪ್ಪಿಸಿದರು. 2006ರಲ್ಲಿ ಪತ್ರಿಕೆಯವರು ಅನುಮಾನ ಎತ್ತಿದ ಮೇಲೆ ಹಾಲ್ಪರ್ನ್ ನಿಜ ಹೇಳಿದರು. ಆಸ್ಪತ್ರೆ, ವೈದ್ಯರು ಯಾರೂ ತಲೆ ಬೇರ್ಪಡಿಸಲು ಒಪ್ಪದೆ, ಅವರು ವೈದ್ಯಕೀಯ ಮಾದರಿಗಳನ್ನು ಮಾರುವ ಕಡೆಯಿಂದ ಒಂದು ಬುರುಡೆ ಕೊಂಡು ತಂದು ಕೊಟ್ಟಿದ್ದರು. ಗೆಳೆಯನ ಕೊನೆಯ ಆಸೆಗೆ ಇಲ್ಲ ಅನ್ನಲು ಅವರಿಂದ ಆಗಲಿಲ್ಲ.

ಚೌಕಿಮನೆ

ನಿನ್ನೆ ರಾತ್ರಿ ದೊಡ್ಡಪ್ಪನಿಗೆ ಇದನ್ನೆಲ್ಲ ಮೊದಲಿನಿಂದ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು, ನಿದ್ದೆ ಬಂತೋ ಅಂತ ನಿಲ್ಲಿಸಿದರೆ "ಮುಂದೆ?" ಅನ್ನುತ್ತಿದ್ದರು. ಬುರುಡೆಯ ಸಂಗತಿ ಬಂದಾಗ ಎದ್ದು ಕೂತರು. "ಸತ್ತ ಮೇಲೂ ವೇಷ ಕಟ್ಟಲಿಕ್ಕೆ ಹೊರಟದ್ದಾ ಆ ಜನ? ಅದೂ ಹಾಸ್ಯಗಾರನ ವೇಷ?" ಅಂತ ಕೇಳಿದರು. ಹೌದು ಅಂದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಆ ಬೀಗದ ಕೈ ಹುಡುಗಿಯದ್ದು ಇನ್ನೊಮ್ಮೆ ಓದು ಅಂದರು. ಓದಿದೆ.